ಕಣ್ಣಿನ ಸ್ಟೀರಾಯ್ಡ್ ಹನಿ: ವೈದ್ಯರ ಚೀಟಿಯಿಲ್ಲದೆ ಬೇಡ

ಕಣ್ಣು ಕೆಂಪಾದೊಡನೆ ಗೂಡಿನಲ್ಲಿ ಉಳಿದಿರುವ ಹಳೆಯ ಹನಿ ಔಷಧವನ್ನು ಹಾಕಿಕೊಳ್ಳುವುದು ಅನೇಕ ಮನೆಗಳಲ್ಲಿ ರೂಢಿ. ಕೆಂಪು ಇಳಿದರೆ ರೋಗ ವಾಸಿಯಾಯಿತೆಂದು ಭಾವಿಸುತ್ತಾರೆ. ಆ ಸೀಸೆಯಲ್ಲಿರುವುದು ಸ್ಟೀರಾಯ್ಡ್ ಆಗಿದ್ದಲ್ಲಿ ಈ ಭಾವನೆ ದೃಷ್ಟಿಗೇ ಅಪಾಯಕಾರಿ.

ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಸೋನ್ ಮೊದಲಾದವು ಈ ವರ್ಗದ ಔಷಧಗಳು. ಇವು ಉರಿಯೂತವನ್ನು ತಗ್ಗಿಸುತ್ತವೆಯೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. ಕಣ್ಣಿನೊಳಗಿನ ಉರಿಯೂತಕ್ಕೆ, ತೀವ್ರವಾದ ಅಲರ್ಜಿಗೆ ಹಾಗೂ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಇವನ್ನು ಕೊಡುತ್ತಾರೆ. ಕ್ರಮವರಿತು ಬಳಸಿದರೆ ಇವು ದೃಷ್ಟಿಯನ್ನು ಉಳಿಸುತ್ತವೆ.

ಆದರೆ ಕಣ್ಣು ಕೆಂಪಾಗಲು ಕಾರಣಗಳು ಹಲವು. ಭತ್ತದ ಹೊಟ್ಟು ಅಥವಾ ಕಬ್ಬಿನ ಗರಿ ತಗುಲಿ ಕರಿಗುಡ್ಡೆಯ ಮೇಲೆ ಗಾಯವಾದಾಗ ಅಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಬಹುದು. ಆಗ ಸ್ಟೀರಾಯ್ಡ್ ಹಾಕಿದರೆ ಕಣ್ಣಿನ ರಕ್ಷಣಾಶಕ್ತಿ ಕುಗ್ಗಿ ಹುಣ್ಣು ಆಳಕ್ಕಿಳಿಯುತ್ತದೆ. ಹರ್ಪಿಸ್ ವೈರಸ್ಸಿನಿಂದಾದ ಹುಣ್ಣೂ ಹೀಗೆಯೇ ಉಲ್ಬಣಿಸುತ್ತದೆ.

ವಾರಗಟ್ಟಲೆ ಹಾಕಿದಲ್ಲಿ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಕ್ಷೀಣಿಸುತ್ತದೆ. ಇದೇ ಗ್ಲಾಕೋಮಾ. ಸಾಮಾನ್ಯವಾಗಿ ನೋವಿಲ್ಲದೆ ಬರುವುದರಿಂದ ಇದು ತಿಳಿಯುವುದು ತಡ. ಹೋದ ದೃಷ್ಟಿ ಮರಳಿ ಬಾರದು. ದೀರ್ಘಕಾಲದ ಬಳಕೆಯಿಂದ ಕಣ್ಣಿನ ಪೊರೆಯೂ ಬೆಳೆಯಬಹುದು. ಬೇಸಿಗೆ ಬಂದಾಗಲೆಲ್ಲ ಕಣ್ಣು ತುರಿಕೆಯಿಂದ ನರಳುವ ಮಕ್ಕಳಿಗೆ ಅದೇ ಔಷಧವನ್ನು ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕುವ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಪತಿಪತ್ನಿಯರಿಬ್ಬರೂ ಈ ಕೆಳಗಿನ ಸಂಗತಿಗಳನ್ನು ನೆನಪಿನಲ್ಲಿಡಿ:

1. ಕಣ್ಣಿನಲ್ಲಿ ನೋವು, ಬಿಳಿ ಚುಕ್ಕೆ, ಮಂಜು ಕವಿದಂತಾಗುವುದು ಅಥವಾ ಬೆಳಕನ್ನು ನೋಡಲಾಗದಿರುವುದು ಕಂಡುಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬೇಡಿ.

2. ವೈದ್ಯರು ಹೇಳಿದಷ್ಟು ಹನಿ, ಹೇಳಿದಷ್ಟು ದಿನ ಮಾತ್ರ ಹಾಕಿ. ಕಣ್ಣು ತಿಳಿಯಾಯಿತೆಂದು ನಡುವೆಯೇ ನಿಲ್ಲಿಸಬೇಡಿ. ಹಲವು ಬಾರಿ ಹನಿಗಳನ್ನು ಕ್ರಮೇಣ ತಗ್ಗಿಸಬೇಕಾಗುತ್ತದೆ.

3. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಹನಿ ಹಾಕಿ. ಸೀಸೆಯ ತುದಿ ಕಣ್ಣಿಗೆ ತಾಗದಿರಲಿ.

4. ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಹಾಕಬೇಡಿ. ಸೀಸೆ ತೆರೆದು ಒಂದು ತಿಂಗಳಾದರೆ ಉಳಿದುದನ್ನು ಎಸೆಯಿರಿ.

5. ಹೆಚ್ಚು ದಿನ ಬಳಸಬೇಕಾಗಿ ಬಂದರೆ ಕಣ್ಣಿನ ಒತ್ತಡವನ್ನು ತಪ್ಪದೆ ಪರೀಕ್ಷೆ ಮಾಡಿಸಿ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಇಂದೇ ನಿಮ್ಮ ಮನೆಯ ಗೂಡನ್ನು ನೋಡಿ. ಹಳೆಯ ಸೀಸೆ ಇದ್ದು ಅದರ ಹೆಸರನ್ನು ಓದಲಾಗದಿದ್ದರೆ ಆರೋಗ್ಯ ಕಾರ್ಯಕರ್ತೆಗೆ ತೋರಿಸಿ. ಕೆಂಪು ಇಳಿದ ಮಾತ್ರಕ್ಕೆ ಕಣ್ಣು ಗುಣವಾಯಿತೆಂದಲ್ಲ. ಅದನ್ನು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು.