ರೋಮ್‌ನಿಂದ ಅರ್ಧ ಗಂಟೆ: ಓಸ್ತಿಯಾ ಆಂತಿಕಾ

ರೋಮ್ ಪ್ರವಾಸದಲ್ಲಿ ಒಂದೇ ದಿನ ಉಳಿದಿದ್ದರೆ ಪೊಂಪೆಯಿಗೆ ಓಡಬೇಡಿ, ಓಸ್ತಿಯಾ ಆಂತಿಕಾಗೆ ಹೋಗಿ. ಮೆಟ್ರೊ ಬಿ ಮಾರ್ಗದ ಪಿರಾಮಿಡೆಯಲ್ಲಿ ಇಳಿದರೆ ಪಕ್ಕದಲ್ಲೇ ಪೋರ್ತಾ ಸಾನ್ ಪಾವ್ಲೊ ನಿಲ್ದಾಣವಿದೆ. ಅಲ್ಲಿಂದ ಲಿದೊ ಕಡೆಯ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ನಗರದ ಬಸ್ಸು, ಮೆಟ್ರೊ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ. ಇಳಿದು, ಹೆದ್ದಾರಿಯ ಮೇಲ್ಸೇತುವೆ ದಾಟಿ ನೇರ ನಡೆದರೆ ಗೇಟು. ಸೋಮವಾರ ರಜೆ.

ಇದು ತೈಬರ್ ನದಿ ಸಮುದ್ರ ಸೇರುತ್ತಿದ್ದಲ್ಲಿ ಬೆಳೆದ ರೋಮ್‌ನ ಬಂದರು ಪಟ್ಟಣ. ಹೂಳು ತುಂಬಿ ಸಮುದ್ರ ಈಗ ಸುಮಾರು 3 ಕಿ.ಮೀ. ದೂರ ಹೋಗಿದೆ, 1557ರ ಪ್ರವಾಹದಲ್ಲಿ ನದಿಯೂ ಪಾತ್ರ ಬದಲಿಸಿತು. ಪೊಂಪೆಯಿಯಂತೆ ಇದು ಒಂದೇ ದಿನದಲ್ಲಿ ಬೂದಿಯಡಿ ಹೂತ ಊರಲ್ಲ. ಜನ ಮೆಲ್ಲಗೆ ಬಿಟ್ಟುಹೋದರು, ಅಮೃತಶಿಲೆಯನ್ನು ಕಿತ್ತು ಸಾಗಿಸಿದರು, ಇಟ್ಟಿಗೆ ಉಳಿಯಿತು. ಹಾಗಾಗಿ ಇಲ್ಲಿ ವೈಭವ ಹುಡುಕಿದರೆ ನಿರಾಸೆ. ದುಡಿಮೆ ಹುಡುಕಿದರೆ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ಮುಖ್ಯ ಬೀದಿ ದೆಕುಮಾನುಸ್‌ನಲ್ಲಿ ರಂಗಮಂದಿರದವರೆಗೆ ನಡೆದು, ಮೆಟ್ಟಿಲು ಹತ್ತಿ ಹಿಂಬದಿಯ ಚೌಕ ನೋಡಿ. ಅದರ ಸುತ್ತ ಸುಮಾರು 60 ಕೋಣೆಗಳು, ಹಡಗು ವ್ಯಾಪಾರಿಗಳ ಕಚೇರಿಗಳೆಂದು ಹೇಳುವಂಥವು. ಮುಂದಿನ ನೆಲದ ಕಪ್ಪು ಬಿಳುಪು ಮೊಸಾಯಿಕ್‌ಗಳೇ ಅವುಗಳ ಬೋರ್ಡು: ಹಡಗು, ದೀಪಸ್ತಂಭ, ಧಾನ್ಯದ ಅಳತೆಪಾತ್ರೆ. ಉತ್ತರ ಆಫ್ರಿಕಾದ ಸಬ್ರಾತಾದವರದು ಆನೆ. ಓದು ಬಾರದವರಿಗೂ ಯಾರ ಕಚೇರಿ ಎಂದು ತಿಳಿದೀತು. ರೋಮ್ ಉಣ್ಣುತ್ತಿದ್ದ ಗೋಧಿಯಲ್ಲಿ ಬಹುಪಾಲು ಈಜಿಪ್ಟ್, ಉತ್ತರ ಆಫ್ರಿಕಾಗಳಿಂದ ಹಡಗಿನಲ್ಲೇ ಬರಬೇಕಿತ್ತು.

ಮುಂದೆ ದೊಡ್ಡ ಬೀದಿ ಬಿಟ್ಟು ಬಲಗಡೆಯ ಓಣಿಗಳಿಗೆ ನುಗ್ಗಿ. ಬೇಕರಿಯಲ್ಲಿ ಕತ್ತೆ, ಕುದುರೆಗಳು ತಿರುಗಿಸುತ್ತಿದ್ದ ಕಪ್ಪು ಕಲ್ಲಿನ ಬೀಸುಗಲ್ಲುಗಳು ನಿಂತಲ್ಲೇ ನಿಂತಿವೆ. ದಿಯಾನಾ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆಗಳಿದ್ದ ಕಟ್ಟಡ; ಅದರೆದುರು ಒಂದು ಹೋಟೆಲು, ಗಲ್ಲಾ ಕಟ್ಟೆ ಸಮೇತ. ಅದರ ಗೋಡೆಯಲ್ಲಿ ಬರೆದ ತಿನಿಸಿನ ಚಿತ್ರ ಇನ್ನೂ ಇದೆ. ಸಾರ್ವಜನಿಕ ಶೌಚಾಲಯದ ಸಾಲುಕಲ್ಲಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳದವರೇ ಕಡಿಮೆ.

ಬೀದಿಗೆ ಹಾಸಿದ ಕಲ್ಲು ಉಬ್ಬುತಗ್ಗು. ಚಪ್ಪಲಿ ಬೇಡ, ಗಟ್ಟಿ ಬೂಟು ಹಾಕಿ. ಬೇಸಿಗೆಯಲ್ಲಿ ಟೋಪಿ, ನೀರು ಇರಲಿ, ನೆರಳು ಅಷ್ಟಕ್ಕಷ್ಟೇ. ಸಾವಕಾಶ ನೋಡಲು ನಾಲ್ಕು ಗಂಟೆ ಬೇಕು. ಕಾಲಲ್ಲಿ ಶಕ್ತಿ ಉಳಿದಿದ್ದರೆ ಪೋರ್ತಾ ಮರೀನಾ ದಾಟಿ ಕೊನೆಯ ತನಕ ಹೋಗಿ. ಅಲ್ಲೊಂದು ಪ್ರಾಚೀನ ಯಹೂದಿ ಪ್ರಾರ್ಥನಾ ಮಂದಿರವಿದೆ. ಅದು ಬೆಳಕಿಗೆ ಬಂದದ್ದು 1961ರಲ್ಲಿ, ಫ್ಯೂಮಿಚೀನೊ ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡುವಾಗ.