ನಿಮಗಿದು ಗೊತ್ತೇ? ಗೆಣ್ಣುದ್ದದ ಗೊಂಬೆಗೆ ಎಂಥ ಬಣ್ಣ?

ಮೇಜಿನ ಮೇಲೆ ಆಡುವ ಯುದ್ಧದಾಟದ ಸೈನಿಕ, ಮಂತ್ರವಾದಿ, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಹೆಚ್ಚಾಗಿ ಡಬ್ಬಿಯಿಂದ ಹೊರಬರುವುದು ಬೋಳು ಬೂದು ಪ್ಲಾಸ್ಟಿಕ್ಕಿನಲ್ಲೇ. ಬಣ್ಣ ಹಚ್ಚುವುದು ಕೊಂಡವರ ಪಾಲಿನ ಕೆಲಸ, ಅದೇ ಮಜಾ ಕೂಡ. ಅಂಗಡಿಗೆ ಹೋದರೆ ಅಕ್ರಿಲಿಕ್ ಬಣ್ಣಗಳೇ ಹತ್ತಾರು ಬಗೆ. ಆರಿಸುವ ಮುನ್ನ ಇಷ್ಟು ಗೊತ್ತಿರಲಿ.

● ಈ ಗೊಂಬೆಗಳಲ್ಲಿ ಹೆಚ್ಚು ಬಳಕೆಯ ಅಳತೆ 28 ಮಿ.ಮೀ. ಐದೂವರೆ ಅಡಿ ಮನುಷ್ಯನನ್ನು 60 ಪಟ್ಟು ಕುಗ್ಗಿಸಿದರೆ ಇಷ್ಟಾಗುತ್ತಾನೆ. ಇವನ ಮುಖದ ಮೇಲೆ ಬಣ್ಣ 0.1 ಮಿ.ಮೀ. ದಪ್ಪ ಕೂತರೂ ಸಾಕು, ನಿಜವಾದ ಮನುಷ್ಯನ ಮುಖಕ್ಕೆ 6 ಮಿ.ಮೀ. ಗಾರೆ ಮೆತ್ತಿದ ಲೆಕ್ಕ! ರಾಗಿ ಕಾಳಿಗಿಂತ ಚಿಕ್ಕ ಕಣ್ಣು ಅದರಡಿ ಹೂತೇ ಹೋಗುತ್ತದೆ. ಹಾಗಾಗಿ ತೆಳ್ಳಗೆ ಕೂರಬೇಕು, ಆದರೂ ತಳ ಮುಚ್ಚಬೇಕು. ಅಂಥದ್ದೇ ಒಳ್ಳೆಯ ಬಣ್ಣ.

● ಬಣ್ಣದ ಪುಡಿ, ಅಕ್ರಿಲಿಕ್ ಅಂಟು, ನೀರು: ಅಕ್ರಿಲಿಕ್ ಬಣ್ಣದಲ್ಲಿ ಮುಖ್ಯವಾಗಿ ಇರುವುದು ಈ ಮೂರೇ. ನೀರು ಆರಿದಂತೆ ಅಂಟಿನ ಕಣಗಳು ಬೆಸೆದುಕೊಂಡು ಪೊರೆಯಾಗುತ್ತವೆ. ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಬ್ರಷ್ಷನ್ನು ಕೂಡಲೇ ತೊಳೆಯಬೇಕು ಎನ್ನುವುದು ಇದಕ್ಕೇ.

● ಹಸಿಯಾಗಿದ್ದಾಗ ಆ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಗಾಜಿನಂತೆ ತಿಳಿಯಾಗುತ್ತದೆ. ಆದ್ದರಿಂದ ಅಕ್ರಿಲಿಕ್ ಒಣಗಿದ ಮೇಲೆ ಒಂದು ಚೂರು ಗಾಢವಾಗಿ ಕಾಣುತ್ತದೆ. ಬಾಟಲಿಯಲ್ಲಿ ಕಂಡಿದ್ದನ್ನು ನಂಬಬೇಡಿ, ಒಂದು ಚುಕ್ಕೆ ಹಚ್ಚಿ ಒಣಗಿಸಿ ನೋಡಿ.

● ನೀರಿನಲ್ಲಿ ಕಲಸುವ ಅಕ್ರಿಲಿಕ್ಕನ್ನು ಕಲಾವಿದರಿಗಾಗಿ ಮೊದಲು ಮಾರುಕಟ್ಟೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ಹೆನ್ರಿ ಲೆವಿಸನ್. 1955ರಲ್ಲಿ ಬಂದ ಅವರ ಬಣ್ಣದ ಹೆಸರು ಲಿಕ್ವಿಟೆಕ್ಸ್. ಅದಕ್ಕೂ ಮೊದಲಿನ ಹವ್ಯಾಸಿಗಳ ಕೈಯಲ್ಲಿ ಇರುತ್ತಿದ್ದುದು ಎನಾಮೆಲ್. ಒಣಗಲು ಗಂಟೆಗಟ್ಟಲೆ, ತೊಳೆಯಲು ಟರ್ಪೆಂಟೈನ್, ಮನೆ ತುಂಬ ವಾಸನೆ.

● ‘ಅಕ್ರಿಲಿಕ್’ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಜಪಾನಿನ ತಮಿಯಾ ಅಕ್ರಿಲಿಕ್ಕಿನಲ್ಲಿ ಆಲ್ಕೋಹಾಲ್ ಬಗೆಯ ದ್ರಾವಕವಿದೆ. ಗಾಳಿಯೊತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿಗೆ ಅದು ಸೊಗಸು. ಕೈಬ್ರಷ್ಷಿನಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಎಳೆದರೆ ಕೆಳಗಿನ ಪದರವೇ ಕಿತ್ತು ಬರಬಹುದು. ಕೈಬ್ರಷ್ಷಿಗೆ ಸ್ಪೇನಿನ ವಲೆಹೋ ಮಾಡೆಲ್ ಕಲರ್, ಇಂಗ್ಲೆಂಡಿನ ಸಿಟಾಡೆಲ್‌ನಂಥವೇ ಸಲೀಸು.

● ಸ್ಟೇಷನರಿ ಅಂಗಡಿಯ ಟ್ಯೂಬ್ ಅಕ್ರಿಲಿಕ್ ಆಗದೇ? ಆಗುತ್ತದೆ, ಆದರೆ ಅದು ಕ್ಯಾನ್ವಾಸಿಗೆಂದು ಮಾಡಿದ್ದು, ಗಟ್ಟಿ ಚಟ್ನಿಯ ಹದ. ಗೊಂಬೆಗೆ ಬೇಕಾದದ್ದು ಹಾಲಿನ ಹದ. ಬರೀ ನೀರು ಸುರಿದರೆ ಅಂಟು ಸೋತು ಬಣ್ಣ ಒಡೆದು ಹರಿಯುತ್ತದೆ. ನೀರಿನ ಜೊತೆ ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣದ ಪುಡಿಯಿಲ್ಲದ ಬರೀ ಅಂಟು, ಸೇರಿಸಬೇಕು. ಬಟ್ಟೆಗೆ ಬಳಿಯುವ ಬಣ್ಣವಂತೂ ಬೇಡ. ಬಟ್ಟೆಯ ಜೊತೆ ಬಾಗಲೆಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ.

● ಎಲ್ಲಕ್ಕಿಂತ ಹೆಚ್ಚು ಸತಾಯಿಸುವ ಬಣ್ಣ ಹಳದಿ! ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ಬಲವಾಗಿ ಚದುರಿಸುತ್ತದೆ, ತಳ ಮುಚ್ಚುತ್ತದೆ. ಕಾವಿಮಣ್ಣಿನ ಕೆಂಪು, ಅಂದರೆ ಕಬ್ಬಿಣದ ಆಕ್ಸೈಡ್ ಕೂಡ ಹಾಗೆಯೇ. ಆದರೆ ಝಗಝಗಿಸುವ ಹಳದಿ, ಕೆಂಪುಗಳಲ್ಲಿ ಹಲವು ಅರೆಪಾರದರ್ಶಕ. ಕಪ್ಪು ತಳದ ಮೇಲೆ ನಾಲ್ಕು ಕೋಟ್ ಹಾಕಿದರೂ ಹಸಿರುಮಿಶ್ರಿತ ಕೊಳಕು ಬಣ್ಣವೇ ಗತಿ. ಬಲ್ಲವರು ಮೊದಲು ಮಣ್ಣಿನ ಹಳದಿಯನ್ನೋ ತಿಳಿ ಗುಲಾಬಿಯನ್ನೋ ಹಚ್ಚಿ, ಅದರ ಮೇಲೆ ಹಳದಿ ಎಳೆಯುತ್ತಾರೆ. ಮನೆಯಲ್ಲೇ ಪರೀಕ್ಷೆ ಬೇಕೇ? ಹಳೆಯ ಪತ್ರಿಕೆಯ ಕಪ್ಪು ಶೀರ್ಷಿಕೆಯ ಮೇಲೆ ಒಂದು ಗೆರೆ ಎಳೆದು ಒಣಗಲು ಬಿಡಿ. ಅಕ್ಷರ ಓದಲು ಬಂದರೆ ಆ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ.

● ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಅಂಟು, ಕಲ್ಲಿನ ಪುಡಿಗಳಿಂದ ಮೊದಲು ತಳ ಕಟ್ಟುತ್ತಾರೆ. ಪ್ಲಾಸ್ಟಿಕ್ ಗೊಂಬೆಗೆ ಪ್ರೈಮರ್ ಮಾಡುವುದೂ ಅದೇ ಕೆಲಸ. ಅದಕ್ಕೂ ಮುಂಚೆ ಗೊಂಬೆಗೆ ಸೋಪುನೀರಿನ ಸ್ನಾನ ಆಗಿರಲಿ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

● 2019ರಲ್ಲಿ ಸಿಟಾಡೆಲ್ ತಂದ ‘ಕಾಂಟ್ರಾಸ್ಟ್’ ಬಣ್ಣ ತಗ್ಗುಗಳಿಗೆ ಇಳಿದು ಅಲ್ಲಿ ನೆರಳಾಗುತ್ತದೆ, ಉಬ್ಬುಗಳಲ್ಲಿ ತೆಳುವಾಗಿ ಬೆಳಕಾಗುತ್ತದೆ. ಒಂದೇ ಕೋಟ್‌ಗೆ ಎರಡು ಕೆಲಸ. ಆದರೆ ತಳ ಬಿಳಿ ಅಥವಾ ತಿಳಿ ಬಣ್ಣದ್ದಿರಬೇಕು. ಕಪ್ಪಿನ ಮೇಲೆ ಹಚ್ಚಿದರೆ ದುಡ್ಡು ದಂಡ.

● ಚಿನ್ನ, ಬೆಳ್ಳಿ ಬಣ್ಣಗಳ ಹೊಳಪು ಅಭ್ರಕ ಅಥವಾ ಲೋಹದ ಸಣ್ಣ ಚಕ್ಕೆಗಳದು. ಇವುಗಳಿಗೆ ಬೇರೆಯೇ ನೀರಿನ ಲೋಟ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮಂತ್ರವಾದಿಯ ಗಡ್ಡದಲ್ಲೂ ಮಿನುಗು!

● ಡಬ್ಬಿಯೋ, ಹನಿ ಬಾಟಲಿಯೋ? ಮುಚ್ಚಳ ತೆರೆದು ಬ್ರಷ್ ಅದ್ದುವ ಡಬ್ಬಿಯಲ್ಲಿ ಅಂಚಿಗೆ ಬಣ್ಣ ಮೆತ್ತಿ, ಮುಚ್ಚಳ ಸರಿಯಾಗಿ ಕೂರದೆ, ಒಳಗಿನದೂ ಒಣಗುತ್ತದೆ. ಹನಿ ಬಾಟಲಿಯಲ್ಲಿ ‘ಎರಡು ಹನಿ ನೀಲಿ, ಒಂದು ಹನಿ ಬಿಳಿ’ ಎಂದು ಲೆಕ್ಕ ಇಡಬಹುದು. ನಮ್ಮ ಬೇಸಿಗೆಗೆ ಹನಿ ಬಾಟಲಿಯೇ ವಾಸಿ.

● ಬ್ರಷ್ಷಿನ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುವ ಚಟ ಅನೇಕರಿಗಿದೆ. ಕಲಾವಿದರ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥವು ಇರುತ್ತವೆ. ಲೇಬಲ್ ಓದಿ, ತುದಿಯನ್ನು ಒದ್ದೆ ಟಿಶ್ಯೂ ಮೇಲೆ ಹೊರಳಿಸಿ.

ಕಡೆಯದಾಗಿ ಒಂದು ಮಾತು. ಐವತ್ತು ಬಾಟಲಿಯ ಸೆಟ್ ಕಂಡು ಕೈ ಜೇಬಿಗೆ ಹೋಗದಿರಲಿ. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ, ಕಂದು, ಒಂದು ಬೆಳ್ಳಿ, ನೆರಳಿಗೆ ಒಂದು ಕಂದು ವಾಶ್ (ನೀರಿನಂಥ ತೆಳು ಬಣ್ಣ): ಎಂಟೇ ಬಾಟಲಿ ಸಾಕು, ಉಳಿದದ್ದನ್ನು ಕಲಸಿಕೊಳ್ಳಬಹುದು. ಮಿಕ್ಕ ದುಡ್ಡಿಗೆ ತುದಿ ಚೂಪಾಗಿ ನಿಲ್ಲುವ ಒಂದು ಒಳ್ಳೆಯ ಬ್ರಷ್ ಕೊಳ್ಳಿ. ದಪ್ಪಗೆ ಒಂದು ಕೋಟ್ ಬೇಡ, ತೆಳ್ಳಗೆ ಎರಡು ಹಾಕಿ.