ಓದಬೇಕಾದ ಕಾದಂಬರಿಗಳಿಗೊಂದು ಪಟ್ಟಿ: ಬರೆಯುವುದು ಹೇಗೆ, ಪುಸ್ತಕ ಸಿಗುವುದೆಲ್ಲಿ?

ಯಾರೋ ಒಂದು ಕಾದಂಬರಿಯ ಹೆಸರು ಹೇಳುತ್ತಾರೆ. "ಓದ್ಲೇಬೇಕು ಕಣ್ರೀ, ತುಂಬಾ ಚೆನ್ನಾಗಿದೆ" ಅನ್ನುತ್ತಾರೆ. ನಾವೂ ಹೂಂ ಅನ್ನುತ್ತೇವೆ. ವಾರ ಕಳೆದು ಗ್ರಂಥಾಲಯದ ಕಪಾಟಿನ ಮುಂದೆ ನಿಂತರೆ ಆ ಹೆಸರು ಏನು ಮಾಡಿದರೂ ನೆನಪಿಗೆ ಬರುವುದಿಲ್ಲ. ಕೈಗೆ ಸಿಕ್ಕ ಯಾವುದೋ ಪುಸ್ತಕ ತಂದು, ಹತ್ತು ಪುಟ ಓದಿ, ಮೇಜಿನ ಮೇಲೆ ಇಡುತ್ತೇವೆ. ದಿನಸಿಗೆ ಚೀಟಿ ಬರೆದುಕೊಂಡು ಹೋಗುವ ನಾವು ಪುಸ್ತಕಕ್ಕೆ ಮಾತ್ರ ನೆನಪನ್ನೇ ನಂಬುತ್ತೇವೆ.

ಓದುಪಟ್ಟಿ ಎಂದರೆ ಇಷ್ಟೇ: ಓದಬೇಕಾದದ್ದು, ಓದುತ್ತಿರುವುದು, ಓದಿ ಮುಗಿಸಿದ್ದು ಎಲ್ಲವೂ ಒಂದೇ ಕಡೆ ಬರೆದಿರಬೇಕು. ಪತ್ರಿಕೆಗಳಲ್ಲಿ ಆಗಾಗ ಬರುವ ಶ್ರೇಷ್ಠ ಕಾದಂಬರಿಗಳ ಪಟ್ಟಿ ಬೇರೆ. ಅದನ್ನು ವಿಮರ್ಶಕರು ಮಾಡುತ್ತಾರೆ, ಅವರವರೇ ಜಗಳವನ್ನೂ ಆಡಿಕೊಳ್ಳುತ್ತಾರೆ. ನಿಮ್ಮ ಪಟ್ಟಿಗೆ ಯಾರ ಒಪ್ಪಿಗೆಯೂ ಬೇಡ.

"ಓದೋಕೇ ಪುರುಸೊತ್ತಿಲ್ಲ, ಇನ್ನು ಪಟ್ಟಿ ಬೇರೆ ಬರೀಬೇಕಾ?" ಎಂದು ಕೇಳಬಹುದು. ಪುರುಸೊತ್ತು ಕಡಿಮೆ ಇರುವವರಿಗೇ ಇದು ಹೆಚ್ಚು ಬೇಕು. ತಿಂಗಳಿಗೆ ಒಂದೇ ಕಾದಂಬರಿ ಓದುವವರಿಗೆ ವರ್ಷಕ್ಕೆ ಸಿಗುವುದು ಹನ್ನೆರಡು. ಅದರಲ್ಲಿ ನಾಲ್ಕು ಸುಮ್ಮನೆ ಹೋದರೆ ನಷ್ಟ ದೊಡ್ಡದೇ.

ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದುಕೊಳ್ಳಿ. ಎದುರುಬದುರು ಪುಟಗಳನ್ನು ಒಟ್ಟಿಗೆ ಬಳಸಿ. ಎಡಪುಟದಲ್ಲಿ ಓದಬೇಕಾದ ಪುಸ್ತಕದ ಹೆಸರು, ಲೇಖಕರು, ಮೊದಲು ಅಚ್ಚಾದ ವರ್ಷ, ಯಾರು ಹೇಳಿದರು, ಎಲ್ಲಿ ಸಿಗುತ್ತದೆ ಎಂಬ ಐದು ಕಲಂ ಎಳೆಯಿರಿ. ಬಲಪುಟ ಓದಿ ಮುಗಿಸಿದ ಮೇಲೆ ತುಂಬುವುದಕ್ಕೆ. ಅಲ್ಲಿ ಮುಗಿಸಿದ ದಿನ ಮತ್ತು ನಿಮ್ಮದೇ ಮಾತಿನಲ್ಲಿ ಎರಡು ಸಾಲು ಇದ್ದರೆ ಸಾಕು.

ಒಂದು ನಮೂನೆ ನೋಡಿ. ಎಡಪುಟದಲ್ಲಿ: 'ವಂಶವೃಕ್ಷ, ಎಸ್.ಎಲ್. ಭೈರಪ್ಪ, 1965, ಸೋದರತ್ತೆ ಹೇಳಿದ್ದು, ಶಾಖಾ ಗ್ರಂಥಾಲಯದಲ್ಲಿದೆ.' ಬಲಪುಟದಲ್ಲಿ: 'ನಂಜನಗೂಡಿನಿಂದ ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಬರುವ ಕಾತ್ಯಾಯನಿ. ಶ್ರೋತ್ರಿಗಳ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು.' ಇಷ್ಟೇ. ಕಥಾಸಾರ ಬರೆಯಲು ಹೋಗಬೇಡಿ. ಅದು ಶಾಲೆಯ ಕೆಲಸ ಆಗಿಬಿಡುತ್ತದೆ, ಮೂರನೇ ಪುಸ್ತಕಕ್ಕೆ ಬೇಜಾರು ಬರುತ್ತದೆ. ನಿಮಗೆ ಏನು ತಟ್ಟಿತೋ ಅದನ್ನು ಬರೆಯಿರಿ. ಐದು ವರ್ಷದ ನಂತರ ಕಥೆ ಮರೆತಿರುತ್ತದೆ, ಆ ಎರಡು ಸಾಲು ಓದಿದರೆ ಪುಸ್ತಕ ಮತ್ತೆ ಕಣ್ಣಮುಂದೆ ಬರುತ್ತದೆ.

'ಯಾರು ಹೇಳಿದರು' ಎಂಬ ಕಲಂ ಯಾಕೆ ಎಂದು ಅನುಮಾನ ಬರಬಹುದು. ಆರು ತಿಂಗಳು ಕಳೆದ ಮೇಲೆ ಅದರ ಉಪಯೋಗ ಗೊತ್ತಾಗುತ್ತದೆ. ಯಾರು ಹೇಳಿದ ಪುಸ್ತಕ ನಿಮಗೆ ಹಿಡಿಸಿತು, ಯಾರದು ಹಿಡಿಸಲಿಲ್ಲ ಎನ್ನುವುದು ಅಲ್ಲಿ ಎದ್ದು ಕಾಣುತ್ತದೆ. ಮುಂದೆ ಯಾರ ಮಾತು ಕೇಳಬೇಕು ಎಂಬುದೂ ತೀರ್ಮಾನವಾಗುತ್ತದೆ.

ಇನ್ನು ಪಟ್ಟಿಗೆ ಏನು ಸೇರಿಸುವುದು? ದೊಡ್ಡವರ ದೊಡ್ಡ ಪುಸ್ತಕಗಳನ್ನೇ ಸಾಲಾಗಿ ಬರೆದು, ಒಂದನ್ನೂ ಮುಟ್ಟದೆ ಬಿಡುವವರು ಬಹಳ ಜನ. ಅಭಿಜಾತ ಕೃತಿಗಳ ಜೊತೆಗೆ ಜನಪ್ರಿಯ ಕಾದಂಬರಿಗಳನ್ನೂ ನಾಚಿಕೆಯಿಲ್ಲದೆ ಸೇರಿಸಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಸಾಯಿಸುತೆಯವರ ಸಂಸಾರದ ಕಥೆಗಳು, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥ್ ಇವೆಲ್ಲ ಎಷ್ಟೋ ಮನೆಗಳಿಗೆ ಓದಿನ ರುಚಿ ಹತ್ತಿಸಿದವು. ಅವುಗಳನ್ನು ಪಟ್ಟಿಯಿಂದ ಮುಚ್ಚಿಟ್ಟರೆ ನಿಮಗೆ ನೀವೇ ಸುಳ್ಳು ಲೆಕ್ಕ ಬರೆದಂತೆ.

ಅಭಿಜಾತ, ಜನಪ್ರಿಯ ಎಂಬ ಗೆರೆ ಎಷ್ಟು ತೆಳು ಎಂಬುದಕ್ಕೆ ನಮ್ಮ ಮೈಸೂರಿನ ತ್ರಿವೇಣಿಯವರೇ ಸಾಕ್ಷಿ. 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡವರು. ಅವರ 'ಬೆಳ್ಳಿಮೋಡ', 'ಶರಪಂಜರ' ಪುಟ್ಟಣ್ಣ ಕಣಗಾಲರ ಸಿನಿಮಾಗಳಾಗಿ ಮನೆಮಾತಾದವು. ಮನೆ ಮನೆಯಲ್ಲೂ ಓದಿಸಿಕೊಂಡರು, ಹೆಣ್ಣಿನ ಮನಸ್ಸಿನೊಳಗೆ ಇಳಿದು ಬರೆದದ್ದರಿಂದ ವಿಮರ್ಶಕರ ಗಮನವನ್ನೂ ಸೆಳೆದರು. ಚಾಮರಾಜಪುರದ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅವರನ್ನು ಯಾವ ಸಾಲಿಗೆ ಸೇರಿಸುತ್ತೀರಿ? ನಾನಂತೂ ಆ ಪ್ರಶ್ನೆ ಬಿಟ್ಟು ಓದುತ್ತೇನೆ.

ಎಲ್ಲಿಂದ ಶುರು ಮಾಡುವುದು ಎಂದು ತೋಚದಿದ್ದರೆ ಮೈಸೂರಿನಿಂದಲೇ ಶುರು ಮಾಡಿ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967). ಭೈರಪ್ಪನವರ 'ಗೃಹಭಂಗ', 'ಪರ್ವ' (1979). ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು', 'ಪರಸಂಗದ ಗೆಂಡೆತಿಮ್ಮ'. ದೇವನೂರ ಮಹಾದೇವರ 'ಕುಸುಮಬಾಲೆ' (1984). ಯಾದವಗಿರಿಯ ಮನೆಯಲ್ಲಿದ್ದ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಇಂಗ್ಲಿಷಿನದು, ಆದರೂ ಮೈಸೂರಿನವರ ಪಟ್ಟಿಯಲ್ಲಿ ಇರಲೇಬೇಕು.

ಇವುಗಳಲ್ಲಿ ಎರಡಕ್ಕೆ ಸ್ವಲ್ಪ ತಯಾರಿ ಬೇಕು. 'ಕುಸುಮಬಾಲೆ' ತೆಳ್ಳನೆಯ ಪುಸ್ತಕ, ಆದರೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಕಣ್ಣಲ್ಲಿ ಓದಿದರೆ ತೊಡಕು, ಬಾಯಿಬಿಟ್ಟು ಓದಿದರೆ ಸಲೀಸು. 'ಮಲೆಗಳಲ್ಲಿ ಮದುಮಗಳು' ದಪ್ಪ ಪುಸ್ತಕ, ಪಾತ್ರಗಳ ಸಂತೆಯೇ ಇದೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಊರು, ಮನೆ, ಯಾರಿಗೆ ಯಾರು ಏನಾಗಬೇಕು ಎಂದು ಗುರುತು ಹಾಕಿಕೊಳ್ಳುತ್ತಾ ಹೋಗಿ. ರಂಗಾಯಣ 2010ರಲ್ಲಿ ಇದನ್ನು ಅಹೋರಾತ್ರಿ ನಾಟಕ ಮಾಡಿತು. ನಾಟಕ ನೋಡಿ ಬಂದು ಪುಸ್ತಕ ಹಿಡಿದವರಿಗೆ ಪಾತ್ರಗಳು ಗೊಂದಲವಾಗಲಿಲ್ಲ.

ದಪ್ಪ ಪುಸ್ತಕದ ಹಿಂದೆ ಒಂದು ತೆಳ್ಳನೆಯದನ್ನು ಇಡಿ. 'ಪರ್ವ' ಮುಗಿಸಿದವರು ಕಾರಂತರ 'ಚೋಮನ ದುಡಿ' (1933) ಎತ್ತಿಕೊಂಡರೆ ಬೇಗ ಮುಗಿಯುತ್ತದೆ. ಮನಸ್ಸು ಹಗುರಾಗುತ್ತದೆ ಎಂದು ಮಾತ್ರ ಹೇಳಲಾರೆ. ಎಡಪುಟದಲ್ಲಿ ಯಾವಾಗಲೂ ಇಪ್ಪತ್ತಕ್ಕಿಂತ ಹೆಚ್ಚು ಹೆಸರು ಬೇಡ. ಐವತ್ತು ಪುಟ ಓದಿಯೂ ಪುಸ್ತಕ ಹತ್ತಲಿಲ್ಲ ಎಂದರೆ 'ಬಿಟ್ಟೆ' ಎಂದು ಬರೆದು ಮುಂದೆ ಹೋಗಿ. ಯಾರೂ ದಂಡ ಹಾಕುವುದಿಲ್ಲ.

ಬರೆಯುವಾಗ ಲೇಖಕರ ಹೆಸರಿನಲ್ಲಿ ಎಡವುವುದು ಹೆಚ್ಚು. ಕೆ.ವಿ. ಪುಟ್ಟಪ್ಪ, ಕುವೆಂಪು ಒಬ್ಬರೇ. ತ.ರಾ.ಸು., ಟಿ.ಆರ್. ಸುಬ್ಬರಾವ್ ಒಬ್ಬರೇ. ಅನಸೂಯಾ ಶಂಕರ್ ಎಂದು ಹುಡುಕಿದರೆ ತ್ರಿವೇಣಿ ಸಿಗಲಿಕ್ಕಿಲ್ಲ. ಪುಸ್ತಕದ ರಕ್ಷಾಪುಟದ ಮೇಲೆ ಇರುವ ಹೆಸರನ್ನೇ ಬರೆಯಿರಿ. ವರ್ಷವನ್ನು ಒಳಗಿನ ಮುದ್ರಣ ವಿವರದ ಪುಟದಿಂದ ತೆಗೆದುಕೊಳ್ಳಿ. ಅಲ್ಲಿ 'ಮೊದಲ ಮುದ್ರಣ' ಎಂದಿರುವುದು ಬೇಕು, ಕೊನೆಯ ಮರುಮುದ್ರಣದ ವರ್ಷವಲ್ಲ. ಸಿನಿಮಾ ನೋಡಿ ಕಾದಂಬರಿ ಹುಡುಕುವವರಿಗೂ ಒಂದು ಮಾತು: 1972ರ 'ನಾಗರಹಾವು' ಚಿತ್ರಕ್ಕೆ ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳು ಆಧಾರ. ಮೂರನ್ನೂ ಬರೆದುಕೊಳ್ಳಿ.

ನೋಟ್‌ಬುಕ್ ಬೇಡ, ಫೋನೇ ಸಾಕು ಎನ್ನುವವರು ಗೂಗಲ್ ಶೀಟ್ಸ್‌ನಲ್ಲಿ ಇದೇ ಕಲಂಗಳನ್ನು ಮಾಡಬಹುದು. ಸಾರ್ಟ್, ಅಂದರೆ ಅಕಾರಾದಿಯಾಗಿ ಜೋಡಿಸುವ ಸೌಕರ್ಯ, ಅದರಲ್ಲಿದೆ. ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಯೂನಿಕೋಡ್ ಎಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲಿ ಒಂದೇ ಸಂಕೇತ ಇರುವ ವ್ಯವಸ್ಥೆ. ಫೋನಿನ ಕನ್ನಡ ಕೀಲಿಮಣೆ ಇದನ್ನೇ ಬಳಸುತ್ತದೆ. ಹಳೇ ಕಂಪ್ಯೂಟರಿನಲ್ಲಿ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿ ಫೋನಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ? ಮೊದಲು ನಗರ ಕೇಂದ್ರ ಗ್ರಂಥಾಲಯ ಮತ್ತು ಬಡಾವಣೆಗಳಲ್ಲಿರುವ ಅದರ ಶಾಖೆಗಳು. ನಿಮ್ಮ ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. ಅಂದರೆ ಆ ಪುಸ್ತಕಗಳಿಗೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಗುರುತು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಒಂದಿಷ್ಟು ಠೇವಣಿ ಕೊಟ್ಟರೆ ಸದಸ್ಯತ್ವ ಸಿಗುತ್ತದೆ. ಪುಸ್ತಕದ ಬೆನ್ನಿನ ಮೇಲೆ ಚೀಟಿಯಲ್ಲಿ ಬರೆದಿರುವುದು ಕಾಲ್ ನಂಬರ್, ಅದು ಕಪಾಟಿನಲ್ಲಿ ಆ ಪುಸ್ತಕದ ವಿಳಾಸ. ಡ್ಯೂಯಿ ದಶಮಾಂಶ ಪದ್ಧತಿ ಇರುವ ಕಡೆ 894.814 ಎಂದರೆ ಕನ್ನಡ ಸಾಹಿತ್ಯ, ಕೊನೆಗೆ 3 ಸೇರಿ 894.8143 ಆದರೆ ಕಥೆ-ಕಾದಂಬರಿ. ಈ ಸಂಖ್ಯೆಯನ್ನು 'ಎಲ್ಲಿ ಸಿಗುತ್ತದೆ' ಕಲಂನಲ್ಲಿ ಬರೆದಿಟ್ಟರೆ ಮುಂದಿನ ಸಲ ಯಾರನ್ನೂ ಕೇಳಬೇಕಾಗಿಲ್ಲ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೆ ನೋಂದಣಿ ಉಚಿತ.

ಕೊಂಡುಕೊಳ್ಳುವುದಾದರೆ ದಸರಾ ಸಮಯದ ಪುಸ್ತಕ ಮೇಳ ಮತ್ತು ರಾಜ್ಯೋತ್ಸವದ ನವೆಂಬರ್ ತಿಂಗಳಿಗೆ ಕಾಯಿರಿ, ರಿಯಾಯಿತಿ ಸಿಗುತ್ತದೆ. ಹಳೇ ಪುಸ್ತಕದ ಅಂಗಡಿಯಲ್ಲಿ ಇನ್ನೂ ಅಗ್ಗ. ಅಲ್ಲಿ ಕೊನೇ ಪುಟ ಇದೆಯೇ ಎಂದು ಮೊದಲು ನೋಡಿ. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಹರಿದು ಬೈಂಡ್ ಮಾಡಿಸಿದ ಪ್ರತಿಗಳೂ ಅಪರೂಪಕ್ಕೆ ಕೈಗೆ ಬರುತ್ತವೆ. ಅವುಗಳಲ್ಲಿ ಕಂತಿನ ಸಂಖ್ಯೆ ಎಣಿಸಿ ಕೊಳ್ಳಿ, ನಡುವೆ ಒಂದು ವಾರ ತಪ್ಪಿದ್ದರೆ ಕಥೆಯ ತಿರುವೇ ಹೋಗಿರುತ್ತದೆ.

ವಾಟ್ಸಾಪಿನಲ್ಲಿ ಪಿಡಿಎಫ್ ಬರುತ್ತದಲ್ಲ, ಅದನ್ನು ಓದಬಹುದೇ? ಕಾಪಿರೈಟ್, ಅಂದರೆ ಹಕ್ಕುಸ್ವಾಮ್ಯ, ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899), ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (1915) ಎಂದೋ ಮುಕ್ತವಾಗಿವೆ. ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿಯಿಂದ ಮುಕ್ತ. ಕುವೆಂಪು, ಕಾರಂತ, ಭೈರಪ್ಪ ಅವರ ಪುಸ್ತಕಗಳಿಗೆ ಹಕ್ಕು ಇನ್ನೂ ಇದೆ, ಕದ್ದ ಪಿಡಿಎಫ್ ಹಂಚಬೇಡಿ.

ಒಟ್ಟು ಖರ್ಚು ಎಂದರೆ ಒಂದು ನೋಟ್‌ಬುಕ್ಕಿನ ಬೆಲೆ ಮತ್ತು ಗ್ರಂಥಾಲಯದ ಠೇವಣಿ. ಇವತ್ತೇ ಐದು ಹೆಸರು ಬರೆದುಕೊಂಡು ಹೊರಡಿ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಅದೊಂದನ್ನು ನೋಡಿಕೊಳ್ಳಿ.